ನಡೆಯುವ ನೆಲದ ಮೇಲೆ ಏಳು ಹೆಜ್ಜೆ

ಲಗ್ನಪತ್ರಿಕೆಯನ್ನು ಕೈಗೆ ತೆಗೆದುಕೊಂಡವನು ಮೊದಲು ವಧೂವರರ ಹೆಸರನ್ನೂ ಅನಂತರ ಮುಹೂರ್ತವನ್ನೂ ನೋಡಿ, ಸ್ಥಳವನ್ನು ಕಡೆಗೆ ನೋಡುವುದು ರೂಢಿ. ಏಕೆಂದರೆ ಸ್ಥಳವು ಯಾವುದಾದರೊಂದು ಛತ್ರವೋ ದೇವಸ್ಥಾನವೋ ಹೆಣ್ಣಿನ ಮನೆಯೋ ಆಗಿರತಕ್ಕದ್ದೆಂಬುದರಲ್ಲಿ ಯಾರಿಗೂ ಸಂದೇಹವಿರುವುದಿಲ್ಲ. ನನ್ನ ಬಾಲ್ಯಮಿತ್ರನು ತನ್ನ ಮೊಮ್ಮಗಳ ಮದುವೆಗೆ ಕರೆಯಲು ಬಂದಾಗ ಕೊಟ್ಟ ಪತ್ರಿಕೆಯಲ್ಲಿ ಮಾತ್ರ, ಸ್ಥಳವೆಂಬ ಮಾತಿನ ಮುಂದೆ ಊರಾಗಲಿ ಬೀದಿಯಾಗಲಿ ಇರದೆ, ‘ಪಶ್ಚಿಮ ಸಮುದ್ರದಲ್ಲಿ, ನೌಕೆಯ ಮೇಲೆ’ ಎಂದಷ್ಟೇ ಅಚ್ಚಾಗಿತ್ತು. ಪತ್ರಿಕೆಯೊಡನೆ ಕುಂಕುಮ ಅಕ್ಷತೆಗಳನ್ನು ಕೊಟ್ಟಾದ ಮೇಲೂ ಅವನು ಏಳಲಿಲ್ಲ. ಕೊಂಚ ಹೊತ್ತು ಸುಮ್ಮನಿದ್ದು, “ನೀನು ನಾಲ್ಕಕ್ಷರ ಓದಿದವನು, ನಿಜ ಹೇಳು, ನೆಲವೇ ಇಲ್ಲದ ಕಡೆ ಹಾಕಿದ ಹಸೆಮಣೆ ನಿಲ್ಲುತ್ತದೆಯೇನೊ?” ಎಂದು ಕೇಳಿದನು.

ವರನು ಹಡಗಿನ ಯಂತ್ರಶಾಲೆಯಲ್ಲಿ ಇಂಜಿನಿಯರು. ಮಲ್ಪೆಯ ಸಮೀಪದ, ಅಜ್ಜನ ಕಾಲದವರೆಗೂ ಮೀನುಗಾರಿಕೆಯಿಂದಲೇ ಬದುಕಿದ ಮನೆತನದವನು. ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೆಯೇ ಇರತಕ್ಕವನು. “ತಾತ, ನನ್ನ ಸಂಸಾರದ ಅರ್ಧ ಅಲ್ಲೇ ನಡೆಯುವುದಾದರೆ ಅದು ಅಲ್ಲಿಂದಲೇ ಶುರುವಾಗಲಿ” ಎಂಬುದು ಹುಡುಗಿಯ ವಾದವಾಗಿತ್ತು. ಈ ಮಾತಿನಲ್ಲಿ ಆಡಂಬರದ ಆಸೆ ಇರಲಿಲ್ಲವೆಂಬುದನ್ನು ನಾನು ಬಲ್ಲೆ. ವರನ ಕುಲ ಬೇರೆಯೆಂಬುದು ನನ್ನ ಮಿತ್ರನನ್ನು ಕಾಡಲಿಲ್ಲ. ಆ ವಿಷಯದಲ್ಲಿ ಅವನ ಮನಸ್ಸು ಎಂದೋ ನಿಶ್ಚಿಂತವಾಗಿತ್ತು. ಕಾಡಿದ್ದು ನೆಲವಿಲ್ಲವೆಂಬ ಸಂಗತಿ. ಅವನಿಗೆ ಅಂದು ಸರಿಯಾದ ಉತ್ತರವನ್ನು ಕೊಡಲು ನನಗೆ ಸಾಧ್ಯವಾಗಲಿಲ್ಲವಾದಕಾರಣ, ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಂಡೇ ನಾನು ಆ ಹಡಗನ್ನು ಹತ್ತಿದೆನು.

ಅದು ಲಘುವಾಗಿ ಎಣಿಸತಕ್ಕ ಪ್ರಶ್ನೆಯಲ್ಲ. ನಮ್ಮ ಕರ್ಮಗಳೆಲ್ಲವೂ ದೇಶಕಾಲ ಸಂಕೀರ್ತನದಿಂದಲೇ ಮೊದಲಾಗುತ್ತವೆ. ಬ್ರಹ್ಮನ ದ್ವಿತೀಯ ಪರಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮ ಪಾದ ಎಂದು ಊಹೆಗೆ ನಿಲುಕದ ಕಾಲದಿಂದ ಇಳಿದು, ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ ಎಂದು ವಿಶಾಲವಾದ ದೇಶವನ್ನು ಒಂದೊಂದೇ ಮೆಟ್ಟಿಲಾಗಿ ಕಿರಿದುಗೊಳಿಸುತ್ತ, ಕಟ್ಟಕಡೆಗೆ ಈ ಸಂವತ್ಸರ, ಈ ಮಾಸ, ಈ ತಿಥಿ, ಈ ಗೋತ್ರದ ಈ ಹೆಸರಿನ ನಾನು ಎಂಬಲ್ಲಿಗೆ ಬಂದು ನಿಲ್ಲುವ ಆ ಮಾತುಗಳನ್ನು ನಾವು ಎಷ್ಟೋ ಸಲ ಅನ್ಯಮನಸ್ಕರಾಗಿ ಕೇಳಿದ್ದೇವೆ. ಅನಂತದಲ್ಲಿ ತಾನಿರುವ ಬಿಂದುವನ್ನು ಗುರುತಿಸಿಕೊಂಡಲ್ಲದೆ ಮನುಷ್ಯನು ಯಾವ ಪ್ರತಿಜ್ಞೆಯನ್ನೂ ಕೈಕೊಳ್ಳಲಾಗದೆಂಬುದು ಅವುಗಳ ಹಿಂದಿರುವ ಭಾವ. ಹಾಗಾದರೆ ಗಳಿಗೆಗಳಿಗೆಗೂ ಬೇರೊಂದು ಬಿಂದುವಿನಲ್ಲಿರುವವನು ತನ್ನ ದೇಶವನ್ನು ಏನೆಂದು ಹೇಳಬೇಕು?

ಶಾಸ್ತ್ರಗ್ರಂಥಗಳಲ್ಲಿ ಸಮುದ್ರಯಾನದ ನಿಷೇಧವನ್ನು ಹುಡುಕುವವನಿಗೆ ಅದು ಬೇಗನೆ ಸಿಕ್ಕುತ್ತದೆ. ಬೌಧಾಯನ ಧರ್ಮಸೂತ್ರದಲ್ಲಿ ಅದು ಪತಿತನನ್ನಾಗಿಸುವ ಕರ್ಮಗಳ ಸಾಲಿನಲ್ಲಿದೆ. ಮನುವು ಸಮುದ್ರಯಾಯಿಯನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತಾನೆ. ಅನಂತರದ ನಿಬಂಧಕಾರರು ಕಲಿವರ್ಜ್ಯಗಳಲ್ಲಿ ಅದನ್ನು ಸೇರಿಸಿ, ಪ್ರಾಯಶ್ಚಿತ್ತವಾದ ಮೇಲೂ ಆ ದ್ವಿಜನೊಡನೆ ಸಂಸರ್ಗ ಕೂಡದೆಂದರು. ಆದರೆ ಹುಡುಕುವುದನ್ನು ಅಲ್ಲಿಗೆ ನಿಲ್ಲಿಸದವನಿಗೆ ಅದೇ ಬೌಧಾಯನದ ಆರಂಭದಲ್ಲಿ ಇನ್ನೊಂದು ವಿಷಯ ಕಾಣಸಿಗುತ್ತದೆ. ದಕ್ಷಿಣದೇಶದವರಲ್ಲಿ ಮಾತ್ರ ಕಾಣುವ ಐದು ಆಚಾರಗಳನ್ನೂ ಉತ್ತರದೇಶದವರಲ್ಲಿ ಮಾತ್ರ ಕಾಣುವ ಐದು ಆಚಾರಗಳನ್ನೂ ಅಲ್ಲಿ ಒಟ್ಟಿಗೆ ಎಣಿಸಿದೆ. ಸೋದರಮಾವನ ಮಗಳನ್ನು ಮದುವೆಯಾಗುವುದು ದಕ್ಷಿಣದವರ ಪಟ್ಟಿಯಲ್ಲಿದ್ದರೆ, ಸಮುದ್ರಯಾನವು ಉತ್ತರದವರ ಪಟ್ಟಿಯಲ್ಲಿದೆ. ಆಯಾ ಆಚಾರಕ್ಕೆ ಆಯಾ ದೇಶವೇ ಪ್ರಮಾಣವೆಂಬ ಪಕ್ಷವನ್ನೂ, ಅದು ಸಲ್ಲದೆಂಬ ಗೌತಮನ ಪಕ್ಷವನ್ನೂ ಬೆನ್ನಲ್ಲೇ ಹೇಳಿದೆ. ಹೀಗೆ ಒಂದೇ ಉಸಿರಿನಲ್ಲಿ ಬಂದ ಎರಡು ಮಾತುಗಳಲ್ಲಿ ಒಂದನ್ನು ನಾವು ಕನ್ನಡನಾಡಿನವರು ಮನೆಮನೆಯ ಸಂತೋಷವನ್ನಾಗಿ ಉಳಿಸಿಕೊಂಡೆವು, ಇನ್ನೊಂದನ್ನು ಪಾತಕವೆಂದು ಬಗೆದೆವು. ಸೋದರಸಂಬಂಧದ ಮದುವೆಗೆ ಯಾವ ಔದಾರ್ಯದಿಂದ ದೇಶಾಚಾರದ ಆಶ್ರಯವನ್ನು ಕೊಟ್ಟೆವೋ, ಕಡಲನ್ನೇ ದೇಶವಾಗಿ ಉಳ್ಳ ಜನರಿಗೆ ಆ ಔದಾರ್ಯವನ್ನು ನಿರಾಕರಿಸಲು ನಮಗೆ ಯಾವ ನ್ಯಾಯವೂ ಇರಲಿಲ್ಲವೆಂದು ನನಗೆ ತೋರುತ್ತದೆ. ನೂಲಹುಣ್ಣಿಮೆಯ ದಿನ ಕರಾವಳಿಯ ಮೀನುಗಾರರು ತೀರಕ್ಕೆ ಮೆರವಣಿಗೆಯಲ್ಲಿ ಬಂದು, ಕಡಲಿಗೆ ಹಾಲೆರೆದು, ತೆಂಗಿನಕಾಯಿಯನ್ನು ಅರ್ಪಿಸಿ, ಮಳೆಗಾಲ ಕಳೆದು ದೋಣಿಗಳನ್ನು ಇಳಿಸುವಾಗ ಬೇಡಿಕೊಳ್ಳುವುದನ್ನು ನೋಡಿದವರು, ಇವರಿಗೆ ಸಮುದ್ರವು ಪಾತಕದ ಸ್ಥಾನವೆಂದು ಹೇಳಲು ಬಾಯಿ ತೆರೆಯಲಾರರು.

ಮನುಸ್ಮೃತಿಯಲ್ಲಿಯೇ ಮತ್ತೊಂದೆಡೆ, ವ್ಯಾಪಾರಕ್ಕಾಗಿ ಕೊಟ್ಟ ಹಣದ ಬಡ್ಡಿಯನ್ನು ನಿಶ್ಚಯಿಸುವ ಸಂದರ್ಭದಲ್ಲಿ, ಸಮುದ್ರಯಾನದಲ್ಲಿ ಕುಶಲರಾದವರ ಮಾತನ್ನೇ ಪ್ರಮಾಣವಾಗಿ ಹಿಡಿದಿದೆ. ಅವರನ್ನು ದೇಶವನ್ನೂ ಕಾಲವನ್ನೂ ಅರ್ಥವನ್ನೂ ಕಂಡವರೆಂದು ಕೊಂಡಾಡಿದೆ. ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟವನನ್ನೇ ದೇಶಕಾಲಗಳ ದ್ರಷ್ಟಾರನೆಂದು ಕರೆದ ಈ ಮಾತನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಸಂಕಲ್ಪದಲ್ಲಿ ನಾವು ಬಾಯಿಂದ ಹೇಳುವುದನ್ನು ನಾವಿಕನು ಕಣ್ಣಿನಿಂದ ಮಾಡುತ್ತಾನೆ. ನಿಷೇಧದ ತಿರುಳೂ ಸಮುದ್ರದ ಮೇಲಿನ ದ್ವೇಷವಾಗಿರಲಾರದು. ಹಿಂದಿನ ದೋಣಿಗಳಲ್ಲಿ ತಿಂಗಳುಗಟ್ಟಲೆ ಹೋಗುವವನಿಗೆ ಸ್ನಾನಸಂಧ್ಯೆಗಳೂ, ಮನೆಯಲ್ಲಿ ಆರಗೊಡಬಾರದ ಅಗ್ನಿಯೂ ತಪ್ಪಿಹೋಗುತ್ತಿದ್ದುದರಿಂದ ಹುಟ್ಟಿದ ಕಳವಳವು ಕಾಲಕ್ರಮದಲ್ಲಿ ಕಾರಣವನ್ನು ಕಳೆದುಕೊಂಡು ಕಟ್ಟಳೆಯಾಗಿ ಉಳಿದಿರಬೇಕು.

ಲೌಕಿಕ ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಹಡಗಿನ ಕಪ್ತಾನನು ತನ್ನ ಅಧಿಕಾರದಿಂದ ಯಾರಿಗೆ ಬೇಕಾದರೂ ಮದುವೆ ಮಾಡಿಸಬಲ್ಲನೆಂಬುದು ಕಥೆಗಳಿಂದ ಹಬ್ಬಿದ ನಂಬಿಕೆ. ಹಡಗು ಯಾವ ದೇಶದ ಧ್ವಜವನ್ನು ಹೊತ್ತಿದೆಯೋ ಆ ದೇಶದ ಕಾನೂನು ಒಪ್ಪಿದರೆ ಮಾತ್ರ ಅವನಿಗೆ ಆ ಅಧಿಕಾರ. 2011ರಲ್ಲಿ ಕ್ಯೂನಾರ್ಡ್ ಸಂಸ್ಥೆಯ ಮೂರು ದೊಡ್ಡ ಹಡಗುಗಳು ಸೌತಾಂಪ್ಟನ್ನಿನ ನೋಂದಣಿಯನ್ನು ಬಿಟ್ಟು ಬರ್ಮುಡಾದ ಹ್ಯಾಮಿಲ್ಟನ್ನಿಗೆ ಬದಲಾದುದಕ್ಕೆ, ಕಪ್ತಾನರು ವಿವಾಹ ನಡೆಸಲು ಆ ನಾಡಿನ ಕಾನೂನು ಅವಕಾಶ ಕೊಡುತ್ತಿದ್ದುದು ಒಂದು ಕಾರಣವಾಗಿತ್ತು. ನಮ್ಮಲ್ಲಿಯಾದರೋ 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮು ಕಪ್ತಾನನನ್ನಾಗಲಿ ಸ್ಥಳವನ್ನಾಗಲಿ ಕೇಳುವುದಿಲ್ಲ. ಎರಡರಲ್ಲೊಂದು ಪಕ್ಷದ ರೂಢಿಯ ವಿಧಿಗಳು ನಡೆಯಬೇಕು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯನ್ನು ಇಟ್ಟೊಡನೆ ವಿವಾಹವು ಪೂರ್ಣವೂ ಬಂಧಕವೂ ಆಗುತ್ತದೆ. ವಿಧಿಗಳು ನಡೆಯದೆ ನೋಂದಣಿಯ ಪತ್ರವೊಂದರಿಂದಲೇ ಮದುವೆಯಾಗದೆಂದೂ, ಹಾಡುಕುಣಿತಗಳಿಗೂ ಊಟೋಪಚಾರಗಳಿಗೂ ವಿವಾಹವೆಂಬ ಹೆಸರು ಸಲ್ಲದೆಂದೂ 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕಾನೂನಿನ ಕಣ್ಣಿಗೂ ಕಡೆಗೆ ಬೇಕಾದದ್ದು ಏಳು ಹೆಜ್ಜೆ.

ಆ ಏಳು ಹೆಜ್ಜೆಗೆ ಮುಂಚೆ ಅಗ್ನಿ ಬೇಕಲ್ಲವೆ? ಹಡಗಿನವರೊಡನೆ ನಡೆದ ಮಾತುಕತೆಯಲ್ಲಿ ಎಲ್ಲಕ್ಕಿಂತ ಕಠಿನವಾದದ್ದು ಇದೇ. ಊಟದ ವ್ಯವಸ್ಥೆ, ಕೋಣೆಗಳ ಹಂಚಿಕೆ, ವಾದ್ಯದವರ ಪಾಸುಗಳು, ಇವೆಲ್ಲ ಒಂದೆರಡು ದಿನಗಳಲ್ಲಿ ತೀರಿದವು. ಹೂವಾಗಲಿ ಮಾವಿನೆಲೆಯಾಗಲಿ ಅಕ್ಷತೆಯಾಗಲಿ ಒಂದು ಕಾಳಿನಷ್ಟೂ ನೀರಿಗೆ ಬೀಳಕೂಡದೆಂಬ ನಿಯಮವನ್ನು ನಮ್ಮವರು ಸಂತೋಷದಿಂದಲೇ ಒಪ್ಪಿದರು. ನೀರನ್ನು ಕಶ್ಮಲಗೊಳಿಸಬಾರದೆಂಬುದು ಸ್ಮೃತಿಗಳ ಮಾತೂ ಅಹುದು. ಬೆಂಕಿಯ ವಿಷಯದಲ್ಲಿ ಮಾತ್ರ ಅವರು ಬಹಳ ದಿನ ಮಣಿಯಲಿಲ್ಲ. ನಡುಗಡಲಿನಲ್ಲಿ ಓಡಿಹೋಗಲು ಎಡೆಯಿಲ್ಲವಾದ್ದರಿಂದ ನಾವಿಕರು ಬಿರುಗಾಳಿಗಿಂತಲೂ ಬೆಂಕಿಗೆ ಅಂಜುತ್ತಾರೆ. 1934ರ ಸೆಪ್ಟೆಂಬರ್ 8ರಂದು ಅಮೆರಿಕದ ನ್ಯೂಜೆರ್ಸಿಯ ತೀರಕ್ಕೆ ಸಮೀಪದಲ್ಲಿಯೇ ಮೋರೋ ಕ್ಯಾಸಲ್ ಎಂಬ ವಿಹಾರನೌಕೆಯು ಹೊತ್ತಿ ಉರಿದು 137 ಮಂದಿ ಪ್ರಾಣ ತೆತ್ತರು. ಹಡಗುಗಳ ಅಗ್ನಿಸುರಕ್ಷತೆಯ ನಿಯಮಗಳು ಬಿಗಿಯಾದದ್ದು ಅಂತಹ ದುರಂತಗಳಿಂದಲೇ. ಅನೇಕ ನೌಕೆಗಳಲ್ಲಿ ಮೇಣದ ಬತ್ತಿಗೂ ಅನುಮತಿಯಿಲ್ಲದಿರುವಾಗ ಹೋಮಕ್ಕೆ ಸಿಕ್ಕುವುದೆಂತು? ಕೆಲವು ಕುಟುಂಬಗಳು ಹೋಮವನ್ನು ಬಂದರಿನಲ್ಲಿಯೇ ಮುಗಿಸಿ ಹಡಗೇರುವುದುಂಟಂತೆ. ಇಲ್ಲಿ ಬಹಳ ಪತ್ರವ್ಯವಹಾರವಾದ ಮೇಲೆ, ಗಾಳಿಮರೆಯಿದ್ದ ತೆರೆದ ಅಟ್ಟದ ಮೇಲೆ, ಮರಳು ತುಂಬಿದ ಉಕ್ಕಿನ ತಟ್ಟೆಯಲ್ಲಿ, ಗೇಣುದ್ದಕ್ಕೆ ಮೀರದ ಜ್ವಾಲೆಗೆ ಒಪ್ಪಿಗೆ ದೊರೆಯಿತು.

ಆ ಜ್ವಾಲೆಯ ಪಕ್ಕದಲ್ಲಿ ನಿಂತಿದ್ದ ನಾವಿಕನನ್ನು ನಾನು ಮರೆಯಲಾರೆ. ಒಂದು ಕೈಯಲ್ಲಿ ಅಗ್ನಿಶಾಮಕದ ಕೆಂಪು ಕೊಳವೆ, ಇನ್ನೊಂದು ತೋಳಿನ ಮೇಲೆ ನೆನೆಸಿ ಹಿಂಡಿದ ಕಂಬಳಿ. ಬಾಸಿಂಗವನ್ನಾಗಲಿ, ರೇಷ್ಮೆಯ ಸೀರೆಗಳನ್ನಾಗಲಿ, ಅಸ್ತಮಿಸುತ್ತಿದ್ದ ಸೂರ್ಯನನ್ನಾಗಲಿ ಅವನು ನೋಡಲಿಲ್ಲ. ಅರಳು ಬಿದ್ದು ಜ್ವಾಲೆ ತುಸು ಏರಿದಾಗ ಅವನ ಹೆಬ್ಬೆರಳು ಕೊಳವೆಯ ಹಿಡಿಯ ಕಡೆಗೆ ಸರಿಯುತ್ತಿತ್ತು; ಜ್ವಾಲೆ ತಗ್ಗಿದಾಗ ಹಿಂದಕ್ಕೆ ಬರುತ್ತಿತ್ತು. ಛತ್ರಗಳಲ್ಲಿ ನಡೆದ ಎಷ್ಟೋ ಮದುವೆಗಳಲ್ಲಿ, ಹೊಗೆಗೆ ಕಣ್ಣು ಮುಚ್ಚಿದ ವಧೂವರರನ್ನೂ, ಛಾಯಾಗ್ರಾಹಕನ ಕಡೆಗೆ ತಿರುಗಿದ ಬಂಧುಗಳನ್ನೂ ಕಂಡಿದ್ದೇನೆ. ಅಗ್ನಿಯನ್ನೇ ಇಷ್ಟು ಎವೆಯಿಕ್ಕದೆ ನೋಡಿದವನನ್ನು ಕಂಡಿರಲಿಲ್ಲ. ಯಜ್ಞದಲ್ಲಿ ಬ್ರಹ್ಮನೆಂಬ ಋತ್ವಿಜನಿಗೆ ಬೇರೆ ಕೆಲಸವಿಲ್ಲ. ಅಗ್ನಿಯ ದಕ್ಷಿಣಕ್ಕೆ ಮೌನವಾಗಿದ್ದು, ಕರ್ಮದಲ್ಲಿ ಲೋಪವುಂಟಾಗದಂತೆ ಕಾಯುವುದೇ ಅವನ ಕೆಲಸ. ಹಡಗು ದಕ್ಷಿಣಾಭಿಮುಖವಾಗಿ ಸಾಗುತ್ತಿತ್ತು, ನಾವಿಕನು ಮೂತಿಯ ಕಡೆಗೆ ನಿಂತಿದ್ದನು. ಪುರೋಹಿತರೂ ಅದನ್ನು ಗಮನಿಸಿರಬೇಕು. ಕರ್ಮಾಂತ್ಯದಲ್ಲಿ ತಾಂಬೂಲದಕ್ಷಿಣೆಗಳನ್ನು ಮೊದಲು ಕೊಡಿಸಿದ್ದು ಅವನಿಗೆ.

ನೀರಿನ ಮೇಲೆ ಬೆಂಕಿಯನ್ನು ಸಾಕ್ಷಿಯಾಗಿ ನಿಲ್ಲಿಸುವುದು ವಿರೋಧಾಭಾಸವೆಂದು ತೋರೀತು. ಆದರೆ ಅಗ್ನಿಯು ದೇವತೆಗಳಿಗೆ ಹವಿಸ್ಸನ್ನು ಹೊರುವ ಕೆಲಸಕ್ಕೆ ಅಂಜಿ ನೀರಿನಲ್ಲಿ ಅಡಗಿದ್ದನೆಂದೂ, ಅವರು ಅಲ್ಲಿಂದಲೇ ಅವನನ್ನು ಕರೆತಂದರೆಂದೂ ಋಗ್ವೇದದ ಹತ್ತನೆಯ ಮಂಡಲ ಹೇಳುತ್ತದೆ. ಅಪಾಂ ನಪಾತ್, ಎಂದರೆ ನೀರಿನ ಸಂತಾನ, ಎಂಬುದು ಅವನಿಗೆ ಸಲ್ಲುವ ಹೆಸರುಗಳಲ್ಲೊಂದು. ಪುರಾಣಗಳಲ್ಲಿ ಬಡಬಾನಲವು ಸಮುದ್ರದ ಗರ್ಭದಲ್ಲಿಯೇ ಉರಿಯುತ್ತಿದೆ. ಸಮುದ್ರರಾಜನೂ ಮದುವೆಯ ವಿಷಯದಲ್ಲಿ ಅಪರಿಚಿತನಲ್ಲ: ಮಥನದಲ್ಲಿ ಹುಟ್ಟಿದ ಲಕ್ಷ್ಮಿಗೆ ಅವನೇ ತಂದೆ, ವಿಷ್ಣುವಿಗೆ ಅವನೇ ಮಾವ. ಯಾವ ಕಡಲನ್ನು ನಾವು ಮಡಿಯ ಗಡಿಯೆಂದು ಗುರುತಿಸಿದೆವೋ, ಅದೇ ಕಡಲು ನಮ್ಮ ಮೊದಲ ಕನ್ಯಾದಾನದಲ್ಲಿ ಧಾರೆಯ ಗಿಂಡಿಯನ್ನು ಹಿಡಿದಿತ್ತು.

ಸಂಕಲ್ಪಕ್ಕೆ ಹಿಂದಿರುಗುತ್ತೇನೆ. ಎಪ್ಪತ್ತನ್ನು ಮೀರಿದ ಪುರೋಹಿತರು, ಹುಟ್ಟಿದಂದಿನಿಂದ ಹಡಗು ಹತ್ತದವರು, ಧಾರೆಯ ಮುಹೂರ್ತಕ್ಕೆ ಒಂದು ಗಂಟೆ ಮೊದಲು ಪಂಚಾಂಗವನ್ನು ಕಂಕುಳಲ್ಲಿಟ್ಟುಕೊಂಡು ಹಡಗಿನ ಅಧಿಕಾರಿಯೊಬ್ಬನ ಬಳಿಗೆ ಹೋಗಿ, ನಾವು ಈಗ ಎಲ್ಲಿದ್ದೇವೆಂದು ಕೇಳಿದರು. ಮುಂಬಯಿಯನ್ನು ಹಿಂದಿನ ರಾತ್ರಿ ಬಿಟ್ಟಿದ್ದೆವು. ಅಕ್ಷಾಂಶ 13 ಚಿಲ್ಲರೆ, ರೇಖಾಂಶ 73 ಎಂದು ತಿಳಿದುಬಂತು. ಉಡುಪಿಯ ನೇರ ಪಶ್ಚಿಮಕ್ಕೆ, ತೀರದಿಂದ ಸುಮಾರು 180 ಕಿಲೋಮೀಟರು ದೂರ. ರೇಖಾಂಶ ಒಂದು ಅಂಶ ಪಶ್ಚಿಮಕ್ಕೆ ಸರಿದರೆ ಲಗ್ನವು ನಾಲ್ಕು ನಿಮಿಷ ತಡವಾಗತಕ್ಕದ್ದು. ಉಡುಪಿಗೆ ಗಣಿಸಿದ ಮುಹೂರ್ತಕ್ಕೆ ಅವರು ಏಳು ನಿಮಿಷವನ್ನು ಕೂಡಿಸಿ, ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಆಮೇಲೆ ಹಸೆಯ ಮುಂದೆ ಕುಳಿತು, ವಾಡಿಕೆಯ ಮಾತುಗಳನ್ನೆಲ್ಲ ಹೇಳುತ್ತ ಬಂದು, ಗೋದಾವರಿಯ ತೀರದ ಎಡೆಗೆ ತಲುಪಿದಾಗ ಅರೆಗಳಿಗೆ ತಡೆದು, ‘ಸಹ್ಯಾದ್ರೇಃ ಪಶ್ಚಿಮೇ ಭಾಗೇ, ಪಶ್ಚಿಮಸಮುದ್ರಮಧ್ಯೇ, ಗಚ್ಛಂತ್ಯಾಂ ನೌಕಾಯಾಂ’ ಎಂದರು. ನಡೆಯುತ್ತಿರುವ ನೌಕೆಯಲ್ಲಿ! ನೆಲವಿದೆಯೆಂದು ನಟಿಸದೆ, ನೆಲವಿಲ್ಲವೆಂದು ಅಳುಕದೆ, ಇದ್ದುದನ್ನು ಇದ್ದಂತೆ ಹೇಳಿದ ಆ ಮೂರು ಪದಪುಂಜಗಳನ್ನು ಕೇಳಿ ನನ್ನ ಮಿತ್ರನು ನನ್ನ ಕಡೆ ತಿರುಗಿದನು. ಅವನ ಕಣ್ಣು ತುಂಬಿತ್ತು.

ಆದರೂ ಕಲ್ಲೊಂದು ಉಳಿದಿತ್ತು. ಅಶ್ಮಾರೋಹಣದಲ್ಲಿ ವರನು ವಧುವಿನ ಪಾದವನ್ನು ಕಲ್ಲಿನ ಮೇಲಿಡಿಸಿ, ಇದರಂತೆ ಸ್ಥಿರಳಾಗು ಎಂಬರ್ಥದ ಮಂತ್ರವನ್ನು ಹೇಳುತ್ತಾನೆ. ಅದಕ್ಕಾಗಿ ನನ್ನ ಮಿತ್ರನು ತನ್ನ ತಾಯಿಯ ಅಡಿಗೆಮನೆಯ ಅರೆಯುವ ಕಲ್ಲನ್ನೇ ಹಳೆಯ ಜಮಖಾನದಲ್ಲಿ ಸುತ್ತಿ ತಂದಿದ್ದನು. ಬಂದರಿನ ತಪಾಸಣೆಯಲ್ಲಿ ಅದನ್ನು ಬಿಚ್ಚಿಸಿ ನೋಡಿದಾಗ, ಎರಡು ತಲೆಮಾರು ಅರೆದು ಅರೆದು ನಡುವೆ ತಗ್ಗಾಗಿದ್ದ ಆ ಕಲ್ಲನ್ನು ಅಲ್ಲಿದ್ದ ಹೆಣ್ಣುಮಗಳೊಬ್ಬಳು ಕೈಯಿಂದ ಸವರಿ, ಏನನ್ನೂ ಕೇಳದೆ ಮತ್ತೆ ಸುತ್ತಿಕೊಟ್ಟಳು. ಸಂಜೆ ಅದನ್ನು ಉಕ್ಕಿನ ಅಟ್ಟದ ಮೇಲೆ ಇರಿಸಿದ್ದರು. ಕರ್ಮ ಆರಂಭವಾಗುವ ಮುನ್ನ ನಾನು ಬಗ್ಗಿ ಅದರ ಮೇಲೆ ಅಂಗೈಯಿಟ್ಟೆನು. ಕೆಳಗಿನ ಯಂತ್ರಗಳ ಕಂಪನವು ಅಟ್ಟದಿಂದ ಕಲ್ಲಿಗೆ, ಕಲ್ಲಿನಿಂದ ನನ್ನ ಕೈಗೆ, ನಿದ್ರಿಸುವ ಪ್ರಾಣಿಯೊಂದರ ಉಸಿರಿನಂತೆ, ಸಣ್ಣಗೆ ಹರಿದುಬರುತ್ತಿತ್ತು. ಇದರಂತೆ ಸ್ಥಿರಳಾಗು ಎಂದು ಹೇಳಬೇಕಾದ ಕಲ್ಲೇ ನಡುಗುತ್ತಿತ್ತು.

ಆ ಕಂಪನವು ನನ್ನ ಅಂಗೈಯಲ್ಲಿರುವಾಗಲೇ ನನಗೆ ಆರ್ಯಭಟನ ನೆನಪಾಯಿತು. ಕ್ರಿ.ಶ. 499ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ ರಚಿಸಿದ ಆರ್ಯಭಟೀಯದಲ್ಲಿ ಅವನು ಭೂಮಿಯ ಭ್ರಮಣವನ್ನು ತಿಳಿಸಲು ಹಿಡಿದ ಉಪಮೆ ದೋಣಿಯದೇ: ಮುಂದಕ್ಕೆ ಹೋಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲವಾದ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವ ಹಾಗೆ, ಅಚಲವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆಂದು ಅವನ ತಾತ್ಪರ್ಯ. ನಮ್ಮ ಹಡಗು ಸೆಕೆಂಡಿಗೆ ಸುಮಾರು ಒಂಬತ್ತು ಮೀಟರು ಸಾಗುತ್ತಿತ್ತು. ಮಂತ್ರಸಹಿತವಾದ ಸಪ್ತಪದಿಗೆ ಎರಡು ನಿಮಿಷ ಹಿಡಿದರೆ, ಮೊದಲನೆಯ ಹೆಜ್ಜೆಗೂ ಏಳನೆಯ ಹೆಜ್ಜೆಗೂ ನಡುವೆ ವಧೂವರರು ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತಾರೆ. ಆದರೆ ಅದೇ ಅಕ್ಷಾಂಶದಲ್ಲಿ, ಉಡುಪಿಯ ರಥಬೀದಿಯಲ್ಲಿ ನಿಶ್ಚಲವಾಗಿ ನಿಂತವನನ್ನು ಭೂಮಿಯು ಸೆಕೆಂಡಿಗೆ 450 ಮೀಟರಿನಂತೆ ಪೂರ್ವಕ್ಕೆ ಹೊತ್ತೊಯ್ಯುತ್ತಿದೆ. ಗೋದಾವರಿಯ ದಕ್ಷಿಣ ತೀರವೂ ಗಚ್ಛಂತ್ಯಾಂ ನೌಕಾಯಾಂ ಎಂಬ ಮಾತಿನೊಳಗೇ ಅಡಕವಾಗಿದೆ. ಧರಣಿಯೆಂಬ ಹೆಸರಿಗೂ ಧರ್ಮವೆಂಬ ಹೆಸರಿಗೂ ಧಾತು ಒಂದೇ, ಹೊರುವುದೆಂದು ಅದರ ಅರ್ಥ. ಹೊರುವುದಕ್ಕೆ ಅಲುಗದೆ ನಿಂತಿರಬೇಕೆಂಬ ನಿಯಮವಿಲ್ಲ. ತಾಯಿ ಮಗುವನ್ನು ಹೊತ್ತು ನಡೆಯುತ್ತಲೇ ಇರುತ್ತಾಳೆ. ಕಲ್ಲಿನಿಂದ ಹುಡುಗಿ ಕಲಿಯಬೇಕಾದದ್ದು ನಡುಗದಿರುವುದನ್ನಲ್ಲ, ನಡುಕವು ಮೈಯೊಳಗೆ ಹರಿಯುತ್ತಿರುವಾಗಲೂ ಜಾಗ ಬಿಡದಿರುವುದನ್ನು. ಮಿತ್ರನ ಪ್ರಶ್ನೆಗೆ ನನ್ನ ಉತ್ತರ ಅಲ್ಲಿ, ಆ ಕಲ್ಲಿನ ಪಕ್ಕದಲ್ಲಿ ಸಿಕ್ಕಿತು: ಹಸೆಮಣೆ ಎಂದೂ ನಿಂತ ನೆಲದ ಮೇಲೆ ಇರಲೇ ಇಲ್ಲ.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು, ಅದು ನೆಲದ್ದಲ್ಲ, ಬಾಗಿಲಿನದು. ಮಿತ್ರನ ಮನೆಗೆ ನಾಲ್ವತ್ತು ವರ್ಷಗಳಿಂದ ನಿತ್ಯವೂ ಹೂವು ತಂದುಕೊಡುವ ಮುದುಕಿಯೊಬ್ಬಳಿದ್ದಾಳೆ. ಊರಿನ ಛತ್ರದಲ್ಲಿ ಮದುವೆಯಾಗಿದ್ದರೆ ಅವಳಿಗೆ ಕರೆಯೋಲೆಯೇ ಬೇಕಾಗಿರಲಿಲ್ಲ. ಬಂದು, ಕಂಬಕ್ಕೆ ಒರಗಿ ಕುಳಿತು, ಮಗುವಾಗಿದ್ದಾಗಿನಿಂದ ಕಂಡ ಹುಡುಗಿಯ ತಲೆಯ ಮೇಲೆ ನಾಲ್ಕು ಅಕ್ಷತೆ ಹಾಕಿ, ಉಂಡು ಹೋಗುತ್ತಿದ್ದಳು. ಹಡಗಿಗೆ ಅವಳನ್ನು ಕರೆದರು, ನಿಜ. ಗುರುತಿನ ಚೀಟಿ, ಕೋಣೆ, ಮೂರು ರಾತ್ರಿಯ ಪ್ರಯಾಣ ಎಂಬ ಮಾತುಗಳನ್ನು ಕೇಳಿಯೇ ಅವಳು ಕೈಮುಗಿದುಬಿಟ್ಟಳು. ಹೀಗೆ ಬರಲಾರದವರು ಎಷ್ಟು ಮಂದಿಯೋ. ಗೃಹಸ್ಥನಿಗೆ ವಿಧಿಸಿದ ಐದು ಮಹಾಯಜ್ಞಗಳಲ್ಲಿ ಒಂದು ಮನುಷ್ಯಯಜ್ಞ, ಎಂದರೆ ಅತಿಥಿಸತ್ಕಾರ. ತಿಥಿಯನ್ನು ನೋಡದೆ, ತಿಳಿಸದೆ ಬರುವವನೇ ಅತಿಥಿ. ಯಾವ ಆಶ್ರಮದ ಹಿರಿಮೆಯೇ ಕರೆಯದೆ ಬಂದವನಿಗೆ ಬಾಗಿಲು ತೆರೆಯುವುದರಲ್ಲಿದೆಯೋ, ಆ ಆಶ್ರಮದ ಪ್ರವೇಶವು ಕರೆಯದವನು ಬರಲೇ ಆಗದ ಎಡೆಯಲ್ಲಿ ನಡೆಯುವುದೆಂದರೇನು? ಅಗ್ನಿಗೂ ಶಿಲೆಗೂ ಸಂಕಲ್ಪಕ್ಕೂ ಸಮಾಧಾನ ದೊರೆತಂತೆ ಇದಕ್ಕೆ ನನಗೆ ಸುಲಭವಾಗಿ ದೊರೆಯಲಿಲ್ಲ. ಊರಿಗೆ ಬಂದು ಎಲ್ಲರನ್ನೂ ಕರೆದು ಊಟ ಹಾಕಿದರೆ ಆ ಕೊರತೆ ಪೂರ್ತಿಯಾಗಿ ತುಂಬೀತೆಂದೂ ನಾನು ಹೇಳಲಾರೆ. ಮಾಂಗಲ್ಯಧಾರಣೆಯ ಕ್ಷಣವನ್ನು ಯಾರು ಕಾಣಲಿಲ್ಲವೋ ಅವರು ಕಾಣಲಿಲ್ಲ.

ಈ ಅಳಲನ್ನು ನಾನು ಆ ರಾತ್ರಿ, ಸಂಕಲ್ಪಕ್ಕೆ ಅಕ್ಷಾಂಶವನ್ನು ಹೇಳಿದ ಅಧಿಕಾರಿಯೊಡನೆ ತೋಡಿಕೊಂಡೆನು. ಅವನು ಕೇಳಿ, ತನ್ನ ಕೆಲಸದ ಒಂದು ವಿಷಯವನ್ನಷ್ಟೇ ಹೇಳಿದನು. ಸಮುದ್ರದಲ್ಲಿ ಯಾರಾದರೂ ಅಪಾಯದಲ್ಲಿದ್ದಾರೆಂಬ ಸುದ್ದಿ ಬಂದರೆ, ತನ್ನ ಹಡಗಿಗೂ ಜನಕ್ಕೂ ಕೇಡಿಲ್ಲದಿರುವಷ್ಟರ ಮಟ್ಟಿಗೆ, ಯಾವ ದೇಶದ ಕಪ್ತಾನನೇ ಆಗಲಿ ಅತ್ತ ತಿರುಗಲೇಬೇಕು. ನೀರಿನಲ್ಲಿರುವವರು ಯಾರು, ಅವರ ಬಳಿ ಯಾವ ಪತ್ರವಿದೆ ಎಂದು ಕೇಳುವಂತಿಲ್ಲ. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಮೊದಲು ರಚಿತವಾದ ಅಂತರರಾಷ್ಟ್ರೀಯ ಒಡಂಬಡಿಕೆಯ ಕಾಲದಿಂದಲೂ ಇದು ಬೆಳೆದುಬಂದ ನಿಯಮ, ಅದಕ್ಕೂ ಮೊದಲು ನಾವಿಕರ ಸಂಪ್ರದಾಯ. “ಧಾರೆಯ ಹೊತ್ತಿಗೆ ಕರೆ ಬಂದಿದ್ದರೂ ನಾವು ತಿರುಗುತ್ತಿದ್ದೆವು, ಸ್ವಾಮಿ” ಎಂದನು. ಋಗ್ವೇದದ ಮೊದಲನೆಯ ಮಂಡಲದ ಸೂಕ್ತವೊಂದರಲ್ಲಿ, ನಡುಗಡಲಿನಲ್ಲಿ ಆಸರೆಯಿಲ್ಲದೆ ಬಿದ್ದಿದ್ದ ತುಗ್ರನ ಮಗ ಭುಜ್ಯುವನ್ನು ಅಶ್ವಿನೀದೇವತೆಗಳು ನೂರು ಹುಟ್ಟುಗಳ ನೌಕೆಯಲ್ಲಿ ಎತ್ತಿಕೊಂಡು ಮನೆಗೆ ಮುಟ್ಟಿಸಿದ ಕಥೆಯಿದೆ. ಸೂರ್ಯನ ಮಗಳು ಅದೇ ದೇವತೆಗಳ ರಥವನ್ನು ಏರಿದ ಮಾತೂ ಅದೇ ಸೂಕ್ತದಲ್ಲಿದೆ. ಇಂದಿಗೂ ನಮ್ಮ ಮದುವೆಗಳಿಗೆ ಮಂತ್ರಗಳನ್ನು ಒದಗಿಸುವ ಸೂರ್ಯಾಸೂಕ್ತದಲ್ಲಿ ಆಕೆಯ ವಿವಾಹದ ದಿಬ್ಬಣದವರೂ ಅವರೇ. ದಿಬ್ಬಣದ ಕೆಲಸವನ್ನೂ ಮುಳುಗುವವನನ್ನು ಎತ್ತುವ ಕೆಲಸವನ್ನೂ ಒಂದೇ ದೇವತಾಯುಗ್ಮಕ್ಕೆ ವಹಿಸಿದ ಋಷಿಯ ಮನಸ್ಸು ನನಗೆ ಆ ರಾತ್ರಿ ಬಹಳ ಹತ್ತಿರದ್ದೆನಿಸಿತು. ಕಡಲಿಗೂ ತನ್ನದೇ ಒಂದು ಬಾಗಿಲಿದೆ; ಹೂವಿನ ಮುದುಕಿಗೆ ಅದು ತೆರೆಯಲಿಲ್ಲ, ಬೇರೆ ಯಾರಿಗೋ ತೆರೆದೇ ಇರುತ್ತದೆ.

ಧ್ರುವದರ್ಶನವೊಂದು ಬಾಕಿಯಿತ್ತು. ನಕ್ಷತ್ರಗಳು ಕಾಣುವವರೆಗೆ ವಧು ಮೌನದಿಂದಿದ್ದು, ಧ್ರುವನನ್ನೂ ಅರುಂಧತಿಯನ್ನೂ ಸಪ್ತರ್ಷಿಗಳನ್ನೂ ಕಂಡ ಮೇಲೆ ಮಾತನಾಡತಕ್ಕದ್ದೆಂದು ಆಶ್ವಲಾಯನನ ವಿಧಿ. ನಮ್ಮ ಛತ್ರಗಳಲ್ಲಿ ಮದುವೆ ಹಗಲಿನದಾದ್ದರಿಂದ ಪುರೋಹಿತರು ಚಾವಣಿಯ ಕಡೆಗೆ ಬೆರಳು ತೋರಿಸುತ್ತಾರೆ, ಹುಡುಗಿ ಕಂಡೆನೆನ್ನುತ್ತಾಳೆ. ಐವತ್ತು ವರ್ಷ ಹಾಗೆಯೇ ತೋರಿಸುತ್ತ ಬಂದುದಾಗಿ ನಮ್ಮ ಪುರೋಹಿತರು ಸಂಕಟದಿಂದ ಹೇಳಿಕೊಂಡರು. ಆ ರಾತ್ರಿ ಅಟ್ಟದ ದೀಪಗಳನ್ನು ಐದು ನಿಮಿಷ ಆರಿಸಿಕೊಟ್ಟರು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ, ಹಡಗು ಬಿಟ್ಟುಬಂದ ಬಿಳಿಯ ನೊರೆಯ ದಾರಿಯ ನೇರಕ್ಕೆ, ಉತ್ತರದ ಅಂಚಿನ ಮೇಲೆ ಅವನು ಕಂಡನು. ಧ್ರುವನು ನೋಡುವವನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತಾನಾದ್ದರಿಂದ, ಅಲ್ಲಿ ನೀರಿನಿಂದ ಅವನಿಗಿದ್ದ ದೂರ ಹದಿಮೂರು ಅಂಶ. ಕೈ ಚಾಚಿ ಹಿಡಿದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ವರನು ಹಾಗೆ ಹಿಡಿದೇ ಅವಳಿಗೆ ತೋರಿಸಿದನು. ಅವನ ಅಜ್ಜನು ದೋಣಿಯಲ್ಲಿ ತೋರಿಸಿಕೊಟ್ಟ ಕ್ರಮವಂತೆ ಅದು. ಈ ಧ್ರುವನೂ ನಿಂತವನಲ್ಲ. ಸುಮಾರು ನಾಲ್ಕು ಸಾವಿರದ ಏಳುನೂರು ವರ್ಷಗಳ ಹಿಂದೆ ಆ ಪೀಠಕ್ಕೆ ಹತ್ತಿರವಿದ್ದುದು ಥೂಬನ್ ಎಂಬ ಬೇರೊಂದು ನಕ್ಷತ್ರ. ಹೀಗೆ ಸರಿಯುವ ಕಲ್ಲಿನ ಮೇಲೆ ಕಾಲಿಟ್ಟು ಸರಿಯುವ ನಕ್ಷತ್ರವನ್ನು ನೋಡುತ್ತ ನಿಂತ ಇಬ್ಬರ ಕೈಗಳು ಒಂದರಲ್ಲೊಂದು ಇದ್ದವು.

ಪುರೋಹಿತರು ಈಶಾನ್ಯದಲ್ಲಿ ಮೇಲೇರುತ್ತಿದ್ದ ಸಪ್ತರ್ಷಿಗಳನ್ನೂ, ವಸಿಷ್ಠನ ಮಗ್ಗುಲಿಗೆ ಮಿನುಗುವ ಅರುಂಧತಿಯನ್ನೂ ತೋರಿಸಿದರು. ಅದಾದ ಮೇಲೂ ಹುಡುಗಿ ಕತ್ತಲೆಯಲ್ಲಿ ನೀರಿನ ಕಡೆಗೇ ನೋಡುತ್ತಿದ್ದಳು. ಪೂರ್ವಕ್ಕೆ, ಬಹಳ ದೂರದಲ್ಲಿ, ಮೀನು ಹಿಡಿಯುವ ದೋಣಿಗಳ ಮೂರು ದೀಪಗಳು ಏಳುತ್ತ ಬೀಳುತ್ತ ಇದ್ದವು, ಮಲ್ಪೆಯವೋ ಮಂಗಳೂರಿನವೋ. ನಕ್ಷತ್ರಗಳನ್ನು ಕಂಡ ಮೇಲೆ ಅವಳು ಆಡಿದ ಮೊದಲ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಅವರದು ಊಟ ಆಗಿರುತ್ತದಾ?”

“ಇಲ್ಲ, ಬಲೆ ಎಳೆದಾದ ಮೇಲೆ ಉಣ್ಣುತ್ತಾರೆ” ಎಂದನು ವರ.